ಶಿಷ್ಯನ ಹಾಳೆ, ಉಸ್ತಾದನ ಕುಂಚ

ಉರ್ದು ಕಾವ್ಯಲೋಕದಲ್ಲಿ 'ಇಸ್ಲಾಹ್' ಎಂಬ ಒಂದು ಪದ್ಧತಿಯಿದೆ. ಶಾಗಿರ್ದನು ತಾನು ಬರೆದ ಗಜಲನ್ನು ತಂದು ಉಸ್ತಾದನ ಮುಂದಿಡುತ್ತಾನೆ. ಉಸ್ತಾದನು ಒಂದು ಪದವನ್ನು ಹೊಡೆದುಹಾಕಿ ಇನ್ನೊಂದನ್ನು ಬರೆಯುತ್ತಾನೆ, ಲಯ ಕುಂಟಿದಲ್ಲಿ ಸರಿಮಾಡುತ್ತಾನೆ, ಕೆಲವೊಮ್ಮೆ ಇಡೀ ಸಾಲನ್ನೇ ಬದಲಾಯಿಸಿಬಿಡುತ್ತಾನೆ. ಮಿರ್ಜಾ ಗಾಲಿಬರು ತಮ್ಮ ಶಿಷ್ಯ ಮುನ್ಷಿ ಹರಗೋಪಾಲ್ ತಫ್ತಾ ಅವರ ಪದ್ಯಗಳನ್ನು ಟಪಾಲಿನ ಮೂಲಕವೇ ತಿದ್ದುತ್ತಿದ್ದರು. ಸಿಯಾಲ್‌ಕೋಟದ ಹುಡುಗ ಇಕ್ಬಾಲ್ ತನ್ನ ಗಜಲುಗಳನ್ನು ದೂರದ ಹೈದರಾಬಾದಿನಲ್ಲಿದ್ದ ದಾಗ್ ದೆಹಲವಿಯವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದನು. ಕೆಲವೇ ದಿನಗಳಲ್ಲಿ ದಾಗ್ ಅವರು, ಇನ್ನು ತಿದ್ದುವಂಥದ್ದು ಹೆಚ್ಚೇನೂ ಉಳಿದಿಲ್ಲ ಎಂದು ತಿಳಿಸಿ ತಮ್ಮ ಲೇಖನಿಯನ್ನು ಹಿಂದಕ್ಕೆ ತೆಗೆದುಕೊಂಡರಂತೆ.

ಇದಕ್ಕೆ ವಿರುದ್ಧವಾದ ಕತೆಯೂ ಉಂಟು. ಬಾದಶಹ ಬಹಾದುರ್ ಶಹಾ ಜಫರನ ಉಸ್ತಾದರಾಗಿದ್ದವರು ಶೇಖ್ ಇಬ್ರಾಹಿಂ ಜೌಕ್. ಜಫರನ ಪದ್ಯಗಳಲ್ಲಿ ಬಹುಪಾಲು ಜೌಕರ ಕೈಯಿಂದ ಬಂದದ್ದೇ ಎಂದು ಮುಹಮ್ಮದ್ ಹುಸೇನ್ ಆಜಾದರು 1880ರ ತಮ್ಮ 'ಆಬೆ ಹಯಾತ್'ನಲ್ಲಿ ಸೂಚಿಸಿದರು. ಆಜಾದರು ಸ್ವತಃ ಜೌಕರ ಶಿಷ್ಯರು. ಆದ್ದರಿಂದ ಅವರ ಮಾತನ್ನು ಹಾಗೆಯೇ ನುಂಗಬೇಕಾಗಿಲ್ಲ, ಮುಂದಿನ ವಿದ್ವಾಂಸರು ನುಂಗಲೂ ಇಲ್ಲ. ಆದರೆ ಆ ಆರೋಪ ಮಾತ್ರ ಇಂದಿಗೂ ಜಫರನ ಹೆಸರಿಗೆ ಅಂಟಿಕೊಂಡಿದೆ. ರಾಜ್ಯ ಕಳೆದುಕೊಂಡು ರಂಗೂನಿನಲ್ಲಿ ಮಣ್ಣಾದ ಆ ಮುದುಕನಿಗೆ ತನ್ನದೆಂದು ಹೇಳಿಕೊಳ್ಳಲು ಉಳಿದಿದ್ದು ಒಂದಿಷ್ಟು ಗಜಲುಗಳು. ಅವೂ ನಿನ್ನವಲ್ಲ ಎಂದರೆ ಏನುಳಿಯಿತು?

ಕಲಿಸುವವನು ಕಲಿಯುವವನ ಕೆಲಸದೊಳಗೆ ಎಷ್ಟು ದೂರ ಕಾಲಿಡಬಹುದು ಎಂಬ ಪ್ರಶ್ನೆ ನಮ್ಮನ್ನು ಬಹಳ ಕಾಲದಿಂದ ಕಾಡಿದೆ. ಸಾಹಿತ್ಯದಲ್ಲಾದರೆ ಇದಕ್ಕೆ ಒಂದು ಸಮಾಧಾನವಿದೆ. ಹೊಡೆದುಹಾಕಿದ ಪದ ಗೀಟಿನ ಕೆಳಗೆ ಹಾಗೆಯೇ ಇರುತ್ತದೆ. ಶಿಷ್ಯನಿಗೆ ಒಪ್ಪಿಗೆಯಾಗದಿದ್ದರೆ ಮನೆಗೆ ಹೋಗಿ ತನ್ನ ಪದವನ್ನೇ ಉಳಿಸಿಕೊಂಡು ಬೇರೆ ಹಾಳೆಯಲ್ಲಿ ಪ್ರತಿ ಮಾಡಿಕೊಳ್ಳಬಹುದು. ಆದರೆ ಜಲವರ್ಣದ ಚಿತ್ರದಲ್ಲಿ? ತೈಲವರ್ಣದಲ್ಲಿ ತಪ್ಪಿದ್ದನ್ನು ಕೆರೆದು ಅದರ ಮೇಲೆ ಮತ್ತೆ ಬಳಿಯಬಹುದು. ಜಲವರ್ಣದಲ್ಲಿ ಆ ಅನುಕೂಲ ಬಹಳ ಕಡಿಮೆ. ಅಲ್ಲಿ ಬಣ್ಣ ಹಾಳೆಯ ಮೇಲೆ ಕೂರುವುದಿಲ್ಲ, ಹಾಳೆಯೊಳಗೆ ಇಳಿಯುತ್ತದೆ. ಅಲ್ಲಿ ಬಿಳಿ ಎಂದರೆ ಬಳಿದ ಬಣ್ಣವಲ್ಲ, ಕಲಾವಿದ ಮುಟ್ಟದೆ ಬಿಟ್ಟ ಹಾಳೆ. ಶಿಷ್ಯನು ಮುಟ್ಟದೆ ಬಿಟ್ಟ ಜಾಗದಲ್ಲಿ ಗುರು ಒಂದು ಹನಿ ಕೆಂಪು ಇಟ್ಟರೆ ಆ ಬಿಳಿ ಮತ್ತೆ ಬರುವುದಿಲ್ಲ.

ಈ ಪ್ರಶ್ನೆಯನ್ನು ಎರಡೂ ದಿಕ್ಕಿನಿಂದ, ಮೊದಲು ಶಿಷ್ಯನಾಗಿ, ಆಮೇಲೆ ಗುರುವಾಗಿ ಬದುಕಿದ ಒಬ್ಬರು ನಂದಲಾಲ್ ಬೋಸ್. ಅವರ ಬಾಳನ್ನು ನೋಡಿದರೆ ಪ್ರಶ್ನೆಗೆ ಉತ್ತರ ಸಿಗುತ್ತದೆಯೋ ಇಲ್ಲವೋ, ಪ್ರಶ್ನೆಯಂತೂ ಸ್ಪಷ್ಟವಾಗುತ್ತದೆ.

ನಂದಲಾಲರು ಹುಟ್ಟಿದ್ದು 1882ರಲ್ಲಿ, ಬಿಹಾರದ ಮುಂಗೇರ್ ಜಿಲ್ಲೆಯ ಹವೇಲಿ ಖರಗ್‌ಪುರದಲ್ಲಿ. ಅವರ ತಂದೆ ದರ್ಭಂಗಾ ಸಂಸ್ಥಾನದ ಚಾಕರಿಯಲ್ಲಿದ್ದರು. ಹುಡುಗ ಊರಿನಲ್ಲಿ ಗೊಂಬೆ ಮಾಡುವವರನ್ನು, ಕುಂಬಾರರನ್ನು ನೋಡುತ್ತ ಬೆಳೆದನು. ಕಲ್ಕತ್ತೆಯ ಕಾಲೇಜುಗಳಲ್ಲಿ ಓದು ಹತ್ತಲಿಲ್ಲ. ಕೊನೆಗೆ ಸರಕಾರಿ ಕಲಾಶಾಲೆಗೆ ಹೋಗಿ ಅಲ್ಲಿ ಉಪಪ್ರಾಂಶುಪಾಲರಾಗಿದ್ದ ಅವನೀಂದ್ರನಾಥ ಟಾಗೋರರ ಕೈಕೆಳಗೆ ಕುಳಿತರು. ಅವನೀಂದ್ರನಾಥರು ಆಗ ಹೊಸದೊಂದು ವಿಧಾನವನ್ನು ಕೈಗೆ ತಂದುಕೊಂಡಿದ್ದರು. 1903ರಲ್ಲಿ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಎಂಬ ಇಬ್ಬರು ಜಪಾನೀ ಕಲಾವಿದರು ಕಲ್ಕತ್ತೆಗೆ ಬಂದಿದ್ದರು. ತೈಕಾನರು ನೀರಿನ ಕುಂಚದಿಂದ ಹಾಳೆಯನ್ನು ತೇವ ಮಾಡುವುದನ್ನು ನೋಡಿದ ಅವನೀಂದ್ರನಾಥರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬರೆದ ಚಿತ್ರವನ್ನೇ ನೀರಿನಲ್ಲಿ ಅದ್ದತೊಡಗಿದರು. ಬರೆಯುವುದು, ಅದ್ದುವುದು, ಒಣಗಿಸುವುದು, ಮತ್ತೆ ಬರೆಯುವುದು. ಪ್ರತಿ ಸಲವೂ ಸ್ವಲ್ಪ ಬಣ್ಣ ತೊಳೆದುಹೋಗಿ ಉಳಿದದ್ದು ಹಾಳೆಯೊಳಗೆ ಇಳಿಯುತ್ತಿತ್ತು. 'ವಾಶ್' ಎಂದು ಹೆಸರಾದ ವಿಧಾನ ಇದೇ.

ಈ ಗುರುಶಿಷ್ಯರ ನಡುವೆ ನಡೆದ ಒಂದು ಸಂಗತಿಯನ್ನು ಅವನೀಂದ್ರನಾಥರೇ ಮುಂದೆ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ನಂದಲಾಲರು ಉಮೆಯ ತಪಸ್ಸಿನ ಚಿತ್ರವೊಂದನ್ನು ಬರೆದಿದ್ದರು. ಶಿವನಿಗಾಗಿ ಕಠಿಣ ತಪಸ್ಸು ಮಾಡಿದ ಪರ್ವತರಾಜನ ಮಗಳು ಆಕೆ. ಚಿತ್ರದಲ್ಲಿ ಬಣ್ಣ ಬಹಳ ಕಡಿಮೆ, ಎಲ್ಲವೂ ಒಣಗಿದಂತೆ, ಬಿಗಿದಂತೆ ಇತ್ತು. ಗುರು ನೋಡಿದರು. ಇಷ್ಟು ಬೋಳಾಗಿ ಏಕೆ, ಉಮೆಗೆ ಸ್ವಲ್ಪ ಅಲಂಕಾರ ಮಾಡು, ಒಂದಿಷ್ಟು ಬಣ್ಣ ಕೊಡು ಎಂದು ಹೇಳಿ ಮನೆಗೆ ಹೋದರು. ರಾತ್ರಿ ನಿದ್ದೆ ಬರಲಿಲ್ಲ. ನಾನೇಕೆ ಹಾಗೆ ಹೇಳಿದೆ? ನಾನು ಕಂಡ ಉಮೆಯನ್ನೇ ನಂದಲಾಲನೂ ಕಾಣಬೇಕೆಂದು ಎಲ್ಲಿದೆ? ಅವನ ಕಣ್ಣಿಗೆ ಆಕೆ ಕಲ್ಲಿನಂತೆ ಗಟ್ಟಿಯಾಗಿ, ಎಲ್ಲವನ್ನೂ ಕಳಚಿಕೊಂಡು ಕಂಡಿರಬಹುದಲ್ಲ? ಬೆಳಗಾಗುತ್ತಲೇ ಓಡಿದರು. ಶಿಷ್ಯನು ಗುರುವಿನ ಮಾತಿನಂತೆ ಚಿತ್ರವನ್ನು ಮುಂದಿಟ್ಟುಕೊಂಡು ಕುಂಚ ತೆಗೆದುಕೊಳ್ಳುತ್ತಿದ್ದನು. ಗುರು ತಡೆದರು. ಇನ್ನು ಸ್ವಲ್ಪ ತಡವಾಗಿದ್ದರೆ ಒಂದು ಒಳ್ಳೆಯ ಚಿತ್ರ ತಮ್ಮಿಂದ ಹಾಳಾಗುತ್ತಿತ್ತು ಎಂದು ಅವನೀಂದ್ರನಾಥರು ಕೊನೆಯವರೆಗೂ ನೆನೆಯುತ್ತಿದ್ದರು.

ಈ ಪ್ರಸಂಗದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಗುರುವಿನ ವಿನಯವಲ್ಲ. ವಿನಯದ ಕತೆಗಳು ಬೇಕಾದಷ್ಟಿವೆ. ನಮಗೆ ಮುಖ್ಯವಾಗಿ ಕಾಣುವುದು, ಆ ಸಂಜೆ ಅವನೀಂದ್ರನಾಥರು ಹೇಳಿದ್ದು ಕೆಟ್ಟ ಮಾತೇನೂ ಆಗಿರಲಿಲ್ಲ ಎಂಬುದು. ಅನುಭವದಿಂದ, ಪ್ರೀತಿಯಿಂದ, ಚಿತ್ರ ಇನ್ನಷ್ಟು ಚೆನ್ನಾಗಲಿ ಎಂಬ ಆಸೆಯಿಂದ ಹೇಳಿದ್ದು. ಅವರ ಕೈಗೆ ಆ ಬಣ್ಣ ಒಗ್ಗುತ್ತಿತ್ತು ಕೂಡ. ಶಿಷ್ಯನಿಗೆ ಕೇಡು ಬಯಸುವ ಗುರುವನ್ನು ಗುರುತಿಸುವುದು ಕಷ್ಟವಲ್ಲ. ತನ್ನಲ್ಲಿರುವುದನ್ನೆಲ್ಲ ಕೊಟ್ಟುಬಿಡಬೇಕೆಂದು ಹಂಬಲಿಸುವ ಒಳ್ಳೆಯ ಗುರುವೇ ಇಲ್ಲಿ ಅಪಾಯ. ಕೊಡುವುದು ಪುಣ್ಯ ಎಂದು ನಾವೆಲ್ಲ ಕೇಳಿ ಬೆಳೆದವರು. ಕೊಡದೆ ಕೈ ಬಿಗಿಹಿಡಿಯುವುದೂ ಒಂದು ಕರ್ತವ್ಯ ಎಂದು ಯಾರೂ ನಮಗೆ ಹೇಳಿಕೊಟ್ಟಿಲ್ಲ.

ಅವನೀಂದ್ರನಾಥರ ಎಲ್ಲ ಶಿಷ್ಯರಿಗೂ ಆ ರಾತ್ರಿಯ ಭಾಗ್ಯ ದೊರೆಯಲಿಲ್ಲ ಎಂಬುದನ್ನೂ ಹೇಳಬೇಕು. ಅವರ ಶಿಷ್ಯರು ಲಖನೌ, ಲಾಹೋರ್, ಜೈಪುರ, ಮದರಾಸುಗಳ ಕಲಾಶಾಲೆಗಳಿಗೆ ಗುರುಗಳಾಗಿ ಹೋದರು. ಅವರ ಜತೆಯಲ್ಲಿ ಆ ವಾಶ್ ವಿಧಾನವೂ ಹೋಯಿತು. ಕೆಲವು ವರ್ಷಗಳಲ್ಲಿ ದೇಶದ ಯಾವ ಮೂಲೆಯ ಚಿತ್ರ ನೋಡಿದರೂ ಅದೇ ಮಂಜು, ಅದೇ ಬಾಗಿದ ಕತ್ತು, ಅದೇ ಅರೆಮುಚ್ಚಿದ ಕಣ್ಣು ಎನ್ನುವಂತಾಯಿತು. ಅಮೃತಾ ಶೇರ್‌ಗಿಲ್ ಬಂಗಾಳ ಪಂಥವನ್ನು ಟೀಕಿಸಿದ್ದು ಸುಮ್ಮನೆ ಅಲ್ಲ. ಒಬ್ಬ ಗುರುವಿನ ಸ್ವಂತ ಕಣ್ಣು ನೂರು ಜನರ ಎರವಲು ಕಣ್ಣಾದರೆ ಹೀಗಾಗುತ್ತದೆ.

ಇದನ್ನು ತಿಳಿಯಲು ಲಾಹೋರಿಗೆ ಹೋಗಬೇಕಾಗಿಲ್ಲ. ನಮ್ಮ ನಾಡಿನ ಯಾವ ಶಾಲೆಯ ಮಗುವಿನ ಕೈಗಾದರೂ ಹಾಳೆ ಕೊಟ್ಟು 'ಸೀನರಿ' ಬರಿ ಎನ್ನಿ. ಎರಡು ಗುಡ್ಡ, ನಡುವೆ ಸೂರ್ಯ, ಗುಡ್ಡದಿಂದ ಇಳಿದು ಬರುವ ಹೊಳೆ, ಹೊಳೆಯ ಪಕ್ಕ ಒಂದು ಗುಡಿಸಲು, ಒಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಕಾಗೆ. ಬಿಜಾಪುರದ ಬಯಲಿನಲ್ಲಿ ಗುಡ್ಡವನ್ನೇ ಕಾಣದ ಮಗುವೂ ಇದನ್ನೇ ಬರೆಯುತ್ತದೆ, ಕಡಲ ದಂಡೆಯ ಮಗುವೂ ಇದನ್ನೇ ಬರೆಯುತ್ತದೆ. ನಾವು ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಓದಿದವರು. ಲಿಪಿ ಬಲದಿಂದ ಎಡಕ್ಕಿದ್ದರೂ ಎಡದಿಂದ ಬಲಕ್ಕಿದ್ದರೂ ಗುಡ್ಡ ಮಾತ್ರ ಎರಡೇ! ಇದರಲ್ಲಿ ಡ್ರಾಯಿಂಗ್ ಮೇಷ್ಟರನ್ನು ದೂರಿ ಪ್ರಯೋಜನವಿಲ್ಲ. ನೋಟಿಸ್ ಬೋರ್ಡು ಬರೆಯುವುದಕ್ಕೆ, ವಾರ್ಷಿಕೋತ್ಸವದ ಪರದೆಗೆ, ಪರೀಕ್ಷೆಯ ದಿನ ಡೆಸ್ಕುಗಳ ಮೇಲೆ ನಂಬರು ಹಾಕುವುದಕ್ಕೆ ಅವರು ಬೇಕು. ಅವರ ಪೀರಿಯಡ್ಡು ಮಾತ್ರ ಗಣಿತದವರಿಗೆ ಬೇಕು. ಉಳಿದ ಅರ್ಧ ಗಂಟೆಯಲ್ಲಿ ಐವತ್ತು ಮಕ್ಕಳಿಗೆ ಅವರು ಗುಡ್ಡವನ್ನಲ್ಲದೆ ಇನ್ನೇನನ್ನು ಕೊಟ್ಟಾರು?

ನಂದಲಾಲರು 1920ರ ಹೊತ್ತಿಗೆ ಶಾಂತಿನಿಕೇತನಕ್ಕೆ ಬಂದರು. ಗುರು ಅವನೀಂದ್ರನಾಥರಿಗೆ ಅವರು ಕಲ್ಕತ್ತೆಯಲ್ಲೇ ಇರಲೆಂಬ ಆಸೆ. ರವೀಂದ್ರರಿಗೆ ತಮ್ಮ ಕಲಾಭವನಕ್ಕೆ ಅವರೇ ಬೇಕೆಂಬ ಹಠ. ಸ್ವಲ್ಪ ಕಾಲ ಅತ್ತ ಇತ್ತ ಎಳೆದಾಟವಾಗಿ ಕೊನೆಗೆ ಅವರು ಶಾಂತಿನಿಕೇತನದಲ್ಲಿ ನೆಲೆ ನಿಂತರು. 1951ರಲ್ಲಿ ನಿವೃತ್ತರಾಗುವವರೆಗೆ ಕಲಾಭವನದ ಹೊಣೆ ಅವರದಾಗಿತ್ತು. ವಾಶ್ ವಿಧಾನವನ್ನು ಅವರು ಕ್ರಮೇಣ ಬಿಟ್ಟು ಟೆಂಪೆರಾ, ಭಿತ್ತಿಚಿತ್ರ, ಕಪ್ಪು ಶಾಯಿಯ ಕಡೆಗೆ ತಿರುಗಿದರು. ಆದರೆ ಕೊನೆಯವರೆಗೂ ಅವರದು ನೀರಿನಲ್ಲಿ ಕದಡುವ ಬಣ್ಣವೇ. ತೈಲವರ್ಣ ಅವರಿಗೆ ಹಿಡಿಸುತ್ತಿರಲಿಲ್ಲ.

ಅವರು ಕಲಿಸುತ್ತಿದ್ದ ರೀತಿಯ ಬಗ್ಗೆ ಶಿಷ್ಯರು ಹೇಳಿರುವುದು ಬಹಳ. ಮಕ್ಕಳನ್ನು ಕಟ್ಟಿಕೊಂಡು ಸಂತಾಲರ ಹಳ್ಳಿಗಳಿಗೆ, ಹೊಳೆಯ ದಂಡೆಗೆ ಹೋಗುವುದು. ದೂರ ಹೋದ ಶಿಷ್ಯರಿಗೆ ಪೋಸ್ಟ್‌ಕಾರ್ಡಿನ ಮೇಲೆ ಪುಟ್ಟ ಚಿತ್ರ ಬರೆದು ಕಳಿಸುವುದು. 1940ರ ಸುಮಾರಿಗೆ ಅಲ್ಲಿ ವಿದ್ಯಾರ್ಥಿಯಾಗಿದ್ದ ಸತ್ಯಜಿತ್ ರಾಯ್, ಮರ ಬರೆಯುವುದನ್ನು ನಂದಲಾಲರು ಹೇಳಿಕೊಟ್ಟದ್ದನ್ನು ನೆನೆದಿದ್ದಾರೆ. ಮರ ಬೆಳೆಯುವುದು ಬುಡದಿಂದ ಮೇಲಕ್ಕೆ, ಆದ್ದರಿಂದ ಗೆರೆಯೂ ಬುಡದಿಂದಲೇ ಏಳಬೇಕು. ಗಮನಿಸಿ, ಯಾವ ಮರ ಬರೆಯಬೇಕು, ಎಷ್ಟು ಕೊಂಬೆ ಇರಬೇಕು ಎಂದು ಅವರು ಹೇಳಲಿಲ್ಲ. ಮರದ ಸ್ವಭಾವವನ್ನು ತೋರಿಸಿ ಸುಮ್ಮನಾದರು.

ಆದರೆ ಸುಮ್ಮನಾಗುವುದಕ್ಕೂ ಉದಾಸೀನಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಮರೆಯಬಾರದು. ಏನಾದರೂ ಮಾಡಿಕೊಳ್ಳಿ ಎಂದು ಹುಡುಗರನ್ನು ಬಿಟ್ಟು ಕ್ಯಾಂಟೀನಿಗೆ ಹೋಗುವ ಮೇಷ್ಟರೂ ಶಿಷ್ಯನ ಹಾಳೆಯನ್ನು ಮುಟ್ಟುವುದಿಲ್ಲ. ಅವರಿಗೆ ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತದೆ. ನಂದಲಾಲರು ಆ ಬಗೆಯವರಲ್ಲ. ಅವರು ಶಿಸ್ತಿನವರು, ಬೇಕು ಬೇಡಗಳು ಖಚಿತವಾಗಿದ್ದವರು, ಕೆಲವು ವಿಷಯಗಳಲ್ಲಿ ಹಟಮಾರಿ ಎಂದೂ ಹೇಳಬಹುದು.

ಬಿನೋದ್ ಬಿಹಾರಿ ಮುಖರ್ಜಿಯವರ ಸಂಗತಿಯನ್ನೇ ನೋಡಿ. ಹುಟ್ಟಿನಿಂದ ಒಂದು ಕಣ್ಣು ಕಾಣದು, ಇನ್ನೊಂದು ಬಹಳ ಮಂದ. ಇಂಥ ಹುಡುಗ ಚಿತ್ರ ಕಲಿಯಬಲ್ಲನೇ ಎಂದು ನಂದಲಾಲರಿಗೇ ಸಂದೇಹ ಬಂದಿತ್ತು. ವಿಷಯ ರವೀಂದ್ರರವರೆಗೆ ಹೋಯಿತು. ಹುಡುಗ ದಿನವೂ ಬಂದು ಕೂರುತ್ತಾನೆಯೇ, ಮನಸ್ಸಿಟ್ಟು ಕೆಲಸ ಮಾಡುತ್ತಾನೆಯೇ, ಹಾಗಿದ್ದರೆ ಅವನನ್ನು ಅವನ ಪಾಡಿಗೆ ಬಿಡಿ ಎಂಬರ್ಥದಲ್ಲಿ ರವೀಂದ್ರರು ಹೇಳಿದ್ದನ್ನು ಬಿನೋದ್ ಬಿಹಾರಿಯವರೇ ಬರೆದಿದ್ದಾರೆ. ನಂದಲಾಲರು ಬಿಟ್ಟರು. ಆ ಅರೆಗಣ್ಣಿನ ಹುಡುಗ 1946-47ರಲ್ಲಿ ಶಾಂತಿನಿಕೇತನದ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಬಾಳನ್ನು ಬರೆದರು. ನೇಕಾರ ಕಬೀರನೂ ಅಲ್ಲಿದ್ದಾನೆ. 1957ರಲ್ಲಿ ಶಸ್ತ್ರಚಿಕಿತ್ಸೆಯೊಂದು ವಿಫಲವಾಗಿ ಇದ್ದ ದೃಷ್ಟಿಯೂ ಹೋಯಿತು. ಆಮೇಲೂ ಅವರು ಕಾಗದ ಕತ್ತರಿಸಿ, ಕೈ ತಡವಿ ಕಲಾಕೃತಿಗಳನ್ನು ಮಾಡಿದರು. ಅವರ ಶಿಷ್ಯನೇ ಆಗಿದ್ದ ಸತ್ಯಜಿತ್ ರಾಯ್ 1972ರಲ್ಲಿ ಅವರ ಮೇಲೆ 'ದಿ ಇನ್ನರ್ ಐ' ಎಂಬ ಸಾಕ್ಷ್ಯಚಿತ್ರ ಮಾಡಿದರು. ಅಂದು ಗುರುವಿನ ಸಂದೇಹವೇ ಗೆದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಅದು ಕ್ರೂರ ಸಂದೇಹವಾಗಿರಲಿಲ್ಲ, ಯಾವ ಹೊಣೆಯುಳ್ಳ ಮೇಷ್ಟರಿಗಾದರೂ ಬರುವಂಥದ್ದೇ.

ರಾಮ್‌ಕಿಂಕರ್ ಬೈಜ್ ಅವರದು ಇನ್ನೂ ತೊಡಕಿನ ಸಂಗತಿ. ಬಾಂಕುಡಾದ ಬಡ ಕುಟುಂಬದ ಈ ಹುಡುಗ 1925ರಲ್ಲಿ ಬಂದಾಗ, ಅವನ ಚಿತ್ರಗಳನ್ನು ನೋಡಿದ ನಂದಲಾಲರು, ಎಲ್ಲ ಕಲಿತೇ ಬಂದಿದ್ದೀಯಲ್ಲ, ಇನ್ನೇನು ಕಲಿಯುವುದು, ಆದರೂ ಎರಡು ಮೂರು ವರ್ಷ ಇರು ಎಂದರಂತೆ. ಆ ಎರಡು ಮೂರು ವರ್ಷ ಇನ್ನೂ ಮುಗಿದಿಲ್ಲ ಎಂದು ರಾಮ್‌ಕಿಂಕರ್ ಮುದುಕರಾದ ಮೇಲೂ ನಗುತ್ತಿದ್ದರು. ಗುರುವಿಗೆ ಹಿಡಿಸದ ತೈಲವರ್ಣವನ್ನು ಅವರು ಹಿಡಿದರು. ಸಿಮೆಂಟು ಜಲ್ಲಿಕಲ್ಲು ಕಲಸಿ ಬಯಲಿನಲ್ಲಿ ದೊಡ್ಡ ಶಿಲ್ಪಗಳನ್ನು ಎಬ್ಬಿಸಿದರು. ಗುರು ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ, ಶಿಷ್ಯನನ್ನು ಹೊರಕ್ಕೂ ಹಾಕಲಿಲ್ಲ. ರಾಮ್‌ಕಿಂಕರ್ ಅದೇ ಕಲಾಭವನದಲ್ಲಿ ಅಧ್ಯಾಪಕರೂ ಆದರು.

ಆದರೆ 1935ರಲ್ಲಿ ಒಂದು ಘಟನೆ ನಡೆಯಿತು. ರಾಮ್‌ಕಿಂಕರ್ ಮರಗಳ ನಡುವೆ ನೀಳವಾಗಿ ನಡೆದು ಹೋಗುವ ಒಬ್ಬ ಹೆಣ್ಣಿನ ಶಿಲ್ಪ ಮಾಡಿದರು. ನಂದಲಾಲರು ಅದನ್ನು ನೋಡಿ, ತಲೆಯ ಮೇಲೆ ಒಂದು ಪಾತ್ರೆ ಇಡು ಎಂದು ಸೂಚಿಸಿದರು. ಪಾತ್ರೆ ಬಂದೊಡನೆ ಆಕೆ ಬುದ್ಧನಿಗೆ ಪಾಯಸ ಕೊಂಡೊಯ್ಯುವ ಸುಜಾತೆಯಾದಳು. ಇಂದು ಎಲ್ಲರೂ ಅದನ್ನು 'ಸುಜಾತಾ' ಎಂದೇ ಕರೆಯುತ್ತಾರೆ. ಚೆಲುವಾದ ಇಸ್ಲಾಹ್ ಎಂದು ಹಲವರು ಮೆಚ್ಚುತ್ತಾರೆ. ನಮಗೆ ಮಾತ್ರ ಈ ವಿಷಯದಲ್ಲಿ ಒಂದು ಅನುಮಾನ ಉಳಿದಿದೆ. ಹೆಸರಿಲ್ಲದೆ, ಕತೆಯಿಲ್ಲದೆ, ಮರಗಳ ಜತೆ ಮರದಂತಿದ್ದ ಒಂದು ಹೆಣ್ಣು ಆ ಪಾತ್ರೆಯೊಂದಿಗೆ ಪುರಾತನ ಕತೆಯೊಂದರ ಪಾತ್ರವಾದಳು. ಉಮೆಗೆ ಅಲಂಕಾರ ಬೇಡವೆಂದು ಬೆಳಿಗ್ಗೆ ಓಡಿ ಬಂದ ಗುರುವಿನ ಶಿಷ್ಯ, ತಾನು ಗುರುವಾದಾಗ ತಲೆಯ ಮೇಲೆ ಪಾತ್ರೆ ಇಡಿಸಿದರು. ಎರಡರಲ್ಲಿ ಯಾವುದು ಸರಿ? ರಾಮ್‌ಕಿಂಕರ್ ಒಪ್ಪಿ ಇಟ್ಟರಲ್ಲ ಎಂದರೆ, ನಂದಲಾಲರೂ ಅಂದು ಒಪ್ಪಿಯೇ ಕುಂಚ ಹಿಡಿದಿದ್ದರು. ಶಿಷ್ಯನ ಒಪ್ಪಿಗೆ ಅಷ್ಟು ನಂಬಬಹುದಾದ ಸಾಕ್ಷಿಯಲ್ಲ. ಗೌರವ ಹೆಚ್ಚಾದಷ್ಟೂ ಆ ಸಾಕ್ಷಿಯ ಬೆಲೆ ಕಡಿಮೆ.

ಇಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಮೂರು ದಶಕ ಪರರ ಹಾಳೆ ನೋಡುತ್ತ ಕುಳಿತ ಕಲಾವಿದ ತನ್ನ ಹಾಳೆಗೆ ಅನ್ಯಾಯ ಮಾಡಿಕೊಂಡನೇ? ನಮ್ಮವರೇ ಆದ ಕೆ. ವೆಂಕಟಪ್ಪನವರನ್ನು ಎದುರಿಗಿಟ್ಟು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಮೈಸೂರಿನ ಚಿತ್ರಗಾರ ಮನೆತನದ ವೆಂಕಟಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅದೇ ಅವನೀಂದ್ರನಾಥರ ಬಳಿ ನಂದಲಾಲರ ಜತೆ ಕಲಿತವರು. ಅವನೀಂದ್ರನಾಥರು ಭಾರತೀಯ ಚಿತ್ರದ ಅಂಗರಚನೆಯ ಬಗ್ಗೆ 1914ರಲ್ಲಿ ತಂದ ಪುಸ್ತಕಕ್ಕೆ ಈ ಇಬ್ಬರೂ ಶಿಷ್ಯರು ರೇಖಾಚಿತ್ರ ಬರೆದರು. ಲೇಡಿ ಹೆರಿಂಗ್‌ಹ್ಯಾಮ್ ಅಜಂತಾದ ಚಿತ್ರಗಳ ಪ್ರತಿ ತೆಗೆಸಿದಾಗಲೂ ಇಬ್ಬರೂ ಆ ಕೆಲಸದಲ್ಲಿದ್ದರು. ಅಜಂತಾ ಆಗ ನಿಜಾಮರ ಸೀಮೆ. ಹೈದರಾಬಾದಿನಿಂದ ಸೈಯದ್ ಅಹಮದ್, ಮುಹಮ್ಮದ್ ಫಜಲುದ್ದೀನ್ ಎಂಬ ಇಬ್ಬರು ಕಲಾವಿದರೂ ಬಂದು ಬೌದ್ಧ ಗುಹೆಗಳ ಕತ್ತಲಲ್ಲಿ ಇವರ ಜತೆ ಕುಳಿತು ಬೋಧಿಸತ್ವರನ್ನು ಬರೆದರು. ಈ ಸಂಗತಿಯನ್ನು ನಮ್ಮ ಮಕ್ಕಳಿಗೆ ಯಾರಾದರೂ ಹೇಳಬೇಕು.

ಮುಂದೆ ದಾರಿಗಳು ಬೇರೆಯಾದವು. ವೆಂಕಟಪ್ಪ ಊರಿಗೆ ಮರಳಿ, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತು, ಮದುವೆಯಾಗದೆ, ಶಾಲೆ ಕಟ್ಟದೆ ಒಂಟಿಯಾಗಿ ಉಳಿದರು. ಊಟಿ, ಕೊಡೈಕೆನಾಲ್‌ಗಳ ಮಂಜು, ಬೆಳಗು, ಸಂಜೆಗಳನ್ನು ಅವರು ಜಲವರ್ಣದಲ್ಲಿ ಹಿಡಿದಿರುವುದನ್ನು ನೋಡಿದವರಿಗೆ ಗೊತ್ತು, ಅಲ್ಲಿ ಒಂದೂ ಅವಸರದ ಗೆರೆಯಿಲ್ಲ. ಪಾಠ ಹೇಳಿಕೊಂಡು, ಹಬ್ಬದ ಅಲಂಕಾರ ನೋಡಿಕೊಂಡು, ನಾಟಕದ ರಂಗಸಜ್ಜಿಕೆ ಮಾಡಿಕೊಂಡು ಇದ್ದಿದ್ದರೆ ಆ ಚಿತ್ರಗಳು ಬರುತ್ತಿದ್ದವೇ? 1965ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಇದೆ. ಅವರನ್ನು ಸ್ವಾರ್ಥಿ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಕಲಿಸಲೇಬೇಕೆಂಬ ಕಾನೂನು ಕಲಾವಿದನ ಮೇಲೆ ಇಲ್ಲ.

ಇತ್ತ ನಂದಲಾಲರ ಕೈಯೇನೂ ಒಣಗಲಿಲ್ಲ. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲೇ ಅವರ ಸುಮಾರು 7,000 ಕೃತಿಗಳಿವೆ. ಆದರೆ ಅವುಗಳ ಜಾತಿ ಬೇರೆ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯ ಕೋರಿಕೆಯ ಮೇರೆಗೆ ಅವರು ಎಂಬತ್ತಕ್ಕೂ ಹೆಚ್ಚು ಚಿತ್ರಗಳನ್ನು ಬರೆದರು. ಡೋಲು ಬಾರಿಸುವವನು, ಬಡಗಿ, ಭತ್ತ ಕುಟ್ಟುವ ಹೆಂಗಸರು, ಕುಸ್ತಿಪಟುಗಳು. ದಪ್ಪ ಕುಂಚದಿಂದ ಬೀಸಿ ಬರೆದ, ದಾರಿಹೋಕರೂ ನೋಡಲೆಂದು ಬರೆದ ಚಿತ್ರಗಳು. ಶಿಷ್ಯರು ಅವುಗಳ ಪ್ರತಿ ತೆಗೆದು ಒಟ್ಟು 400ರ ಹತ್ತಿರ ಮಾಡಿದರು. ಗುರುವಿನ ಪ್ರತಿ ಯಾವುದು, ಶಿಷ್ಯರದು ಯಾವುದು ಎಂದು ಆ ಪೆಂಡಾಲಿನಲ್ಲಿ ಯಾರೂ ಕೇಳಲಿಲ್ಲ. ಕಲಿಸುವ ಕೆಲಸ ಅವರ ಕಲೆಯನ್ನು ಕಸಿದುಕೊಳ್ಳಲಿಲ್ಲ, ಅದರ ದಿಕ್ಕನ್ನು ತಿರುಗಿಸಿತು ಎಂದು ನಮಗೆ ತೋರುತ್ತದೆ. ವೆಂಕಟಪ್ಪನವರ ಏಕಾಂತದ ನುಣುಪು ಇಲ್ಲಿಲ್ಲ. ಹಲವು ಕೈಗಳಿಗೆ ಸಿಗುವಂಥ ಗೆರೆ ಇದೆ.

ಧಾರವಾಡದಲ್ಲಿ ಹುಟ್ಟಿದ ದಿನಕರ ಕೌಶಿಕರು 1940ರ ದಶಕದಲ್ಲಿ ನಂದಲಾಲರಲ್ಲಿ ಕಲಿತರು, ಮುಂದೆ ಅದೇ ಕಲಾಭವನದ ಪ್ರಾಂಶುಪಾಲರಾದರು, ಗುರುವಿನ ಬಗ್ಗೆ ಪುಸ್ತಕವನ್ನೂ ಬರೆದರು. ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಅವರು 'ಕೆನ್' ಕಲಾಶಾಲೆ ಕಟ್ಟಿ 2003ರಲ್ಲಿ ತೀರಿಕೊಳ್ಳುವವರೆಗೂ ಕಲಿಸುವುದನ್ನೇ ಬಾಳಾಗಿಸಿಕೊಂಡರು. ಅವರ ಶಿಷ್ಯರೂ ಒಬ್ಬರಂತೆ ಇನ್ನೊಬ್ಬರಿಲ್ಲ.

ಕೊನೆಯದಾಗಿ ಒಂದು ಪುಸ್ತಕದ ಮಾತು. ಭಾರತದ ಸಂವಿಧಾನದ ಮೂಲಪ್ರತಿಯನ್ನು ಪ್ರೇಮ್ ಬಿಹಾರಿ ನಾರಾಯಣ್ ರಾಯಜಾದಾ ಕೈಯಿಂದ ಬರೆದರು. ಅದರ ಚಿತ್ರಾಲಂಕಾರದ ಹೊಣೆಯನ್ನು ನಂದಲಾಲರು ವಹಿಸಿಕೊಂಡರು. ಆಗ ಅವರಿಗೆ ಅರವತ್ತೇಳರ ಆಸುಪಾಸು. ಮೊಹೆಂಜೊದಾರೊದ ಗೂಳಿಯಿಂದ ಹಿಡಿದು ಅಕ್ಬರ್, ಶಿವಾಜಿ, ಗುರು ಗೋವಿಂದ ಸಿಂಗ್, ನೌಖಾಲಿಯ ಗಾಂಧೀಜಿಯವರೆಗೆ ಅದರಲ್ಲಿ ಚಿತ್ರಗಳಿವೆ. ಹದಿನಾರನೆಯ ಭಾಗದ ತಲೆಬರಹದಲ್ಲಿ ಝಾನ್ಸಿಯ ಲಕ್ಷ್ಮೀಬಾಯಿಯ ಜತೆ ನಮ್ಮ ಟಿಪ್ಪು ಸುಲ್ತಾನನೂ ಇದ್ದಾನೆ. ಟಿಪ್ಪುವಿನ ಹೆಸರೆತ್ತಿದರೆ ಜಗಳಕ್ಕೆ ನಿಲ್ಲುವವರು ಆ ಪುಟವನ್ನು ಒಮ್ಮೆ ತೆರೆದು ನೋಡಬಹುದು.

ಇಷ್ಟೊಂದು ಪುಟಗಳನ್ನು ಒಬ್ಬರೇ ಮಾಡುವುದು ಸಾಧ್ಯವಿರಲಿಲ್ಲ. ನಂದಲಾಲರ ಶಿಷ್ಯರು, ಮನೆಯ ಮಕ್ಕಳು, ಎಲ್ಲರೂ ಕೈ ಹಚ್ಚಿದರು. ಸಾಮಾನ್ಯವಾಗಿ ನಾವೆಲ್ಲ 'ನಂದಲಾಲ್ ಬೋಸರು ಚಿತ್ರಿಸಿದ ಸಂವಿಧಾನ' ಎಂದೇ ಹೇಳುತ್ತೇವೆ. ಉಸ್ತಾದನ ಹೆಸರಿನಲ್ಲಿ ಶಾಗಿರ್ದರ ಕೆಲಸ ಕರಗಿಹೋಗುವುದು ಲೋಕದ ರೂಢಿ, ಜಫರನಿಗೆ ಬಂದ ಆರೋಪವನ್ನು ತಿರುವಿ ಹಾಕಿದಂತೆ. ಆದರೆ ಅದರ ಅತಿ ಮುಖ್ಯ ಪುಟವಾದ ಪೀಠಿಕೆಯ ಅಂಚಿನ ಅಲಂಕಾರವನ್ನು ಬರೆದವರು ಅವರ ಶಿಷ್ಯ, ಜಬಲ್ಪುರದ ಬ್ಯೋಹಾರ್ ರಾಮ್‌ಮನೋಹರ್ ಸಿಂಹ. ಪುಟದ ಕೆಳಮೂಲೆಯಲ್ಲಿ, ಅಲಂಕಾರದ ನಡುವೆ, ಹುಡುಕಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ ದೇವನಾಗರಿಯಲ್ಲಿ 'ರಾಮ್' ಎಂಬ ರುಜು ಇದೆ.